ಆ್ಯಬಿ ರೋಡಿನ ಬೆಚ್ಚನೆಯ ದನಿ

ಲಂಡನ್ನಿನ ನೆಲದಡಿಯ ರೈಲಿನಿಂದ ಸೇಂಟ್ ಜಾನ್ಸ್ ವುಡ್ ನಿಲ್ದಾಣದಲ್ಲಿ ಇಳಿಯುವ ಭಾರತೀಯರಲ್ಲಿ ಎರಡು ಪಂಗಡ. ಹೆಚ್ಚಿನವರು 1983ರ ವಿಶ್ವಕಪ್ಪನ್ನು ನೆನೆಯುತ್ತ ಲಾರ್ಡ್ಸ್ ಮೈದಾನದ ಕಡೆ ತಿರುಗುತ್ತಾರೆ. ಉಳಿದವರು ಗ್ರೋವ್ ಎಂಡ್ ರಸ್ತೆ ಹಿಡಿದು ಐದಾರು ನಿಮಿಷ ನಡೆದು, ಒಂದು ಬಿಳಿ ಮನೆಯ ಮುಂದೆ ನಿಲ್ಲುತ್ತಾರೆ. ಮೈಸೂರಿನಿಂದ ಬಂದಿದ್ದ ಆ ತಂದೆಗೆ ಲಾರ್ಡ್ಸ್ ನೋಡುವ ಆಸೆ, ಮಗಳಿಗೆ ಬಿಳಿ ಮನೆಯ ಆಸೆ. ಲಂಡನ್ನಿನಲ್ಲಿ ಕೆಲಸದಲ್ಲಿರುವ ಮಗ ಇಬ್ಬರಿಗೂ ಒಂದೇ ರೈಲು ಚೀಟಿ ಸಾಕೆಂದು ಹೇಳಿ ಕಳಿಸಿದ್ದ. ಮೊದಲ ಸರದಿ ಮಗಳದಾಯಿತು.

ಮನೆಯ ಸಂಖ್ಯೆ ಮೂರು. ರಸ್ತೆಯ ಹೆಸರು ಆ್ಯಬಿ ರೋಡ್. ಮುಂದೆ ತಗ್ಗು ಗೋಡೆ, ಅದರ ತುಂಬ ದೇಶದೇಶದವರು ಗೀಚಿದ ಹೆಸರುಗಳು. ಕಾಲಕಾಲಕ್ಕೆ ಸುಣ್ಣ ಬಳಿದಂತೆ ಬಿಳಿ ಬಣ್ಣ ಹೊಡೆಯುತ್ತಾರೆ, ಮರುದಿನದಿಂದಲೇ ಮತ್ತೆ ಗೀಚು ಶುರು. ಎದುರಿಗೆ ಕಪ್ಪು ಬಿಳಿ ಪಟ್ಟೆಯ ರಸ್ತೆ ದಾಟುವ ಜಾಗ. 1969ರ ಆಗಸ್ಟ್ 8ರಂದು ಬೀಟಲ್ಸ್ ತಂಡದ ನಾಲ್ವರು ಇದನ್ನು ದಾಟುತ್ತಿದ್ದಾಗ ತೆಗೆದ ಚಿತ್ರ ಅವರ ಧ್ವನಿಮುದ್ರಿಕೆಯ ಹೊದಿಕೆಯಾಯಿತು. 2010ರಲ್ಲಿ ಬ್ರಿಟನ್ ಸರಕಾರ ಈ ಪಟ್ಟೆಗಳನ್ನೂ ಈ ಮನೆಯನ್ನೂ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ದಾಟುವವರಿಗಿಂತ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರೇ ಹೆಚ್ಚು. ಬಸ್ಸಿನ ಚಾಲಕರ ತಾಳ್ಮೆಗೆ ಯಾರಾದರೂ ಪ್ರಶಸ್ತಿ ಕೊಡಬೇಕು.

ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಇಂದಿಗೂ ಅದು ಕೆಲಸ ನಡೆಯುವ ಧ್ವನಿಮುದ್ರಣ ಕೇಂದ್ರ. ಪಕ್ಕದ ಅಂಗಡಿಯಲ್ಲಿ ಅಂಗಿ, ಬಟ್ಟಲು ಕೊಳ್ಳಬಹುದು, ಅಷ್ಟೆ. ಆದರೆ ಮಗಳು ಫೋಟೋಕ್ಕಾಗಿ ಬಂದವಳಲ್ಲ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿರುವ ಅವಳು ಮೈಸೂರಿನ ಮನೆಯ ಮಹಡಿಯ ಕೋಣೆಯಲ್ಲಿ ಸಣ್ಣದೊಂದು ಸ್ಟುಡಿಯೋ ಮಾಡಲು ಹೊರಟಿದ್ದಾಳೆ. ತಾಯಿ ಮೂವತ್ತು ವರ್ಷದಿಂದ ವೀಣೆ ಕಲಿಸುತ್ತಿದ್ದಾರೆ. ಅವರ ಪಾಠ, ಅವರ ಬಾನಿ ಉಳಿಯಬೇಕು ಎಂಬುದು ಆಸೆ. ಅದಕ್ಕೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯದು ಒಂದು ಪ್ರೀಆಂಪ್. ಇದೇ ಕಟ್ಟಡದಲ್ಲಿ 1960ರ ದಶಕದಲ್ಲಿ ಬಳಸುತ್ತಿದ್ದ ರೆಡ್.47 ಎಂಬ ವಾಲ್ವ್ ಉಪಕರಣದ ಹೊಸ ಅವತಾರ ಅದು. ಸ್ಟುಡಿಯೋದ ಒಪ್ಪಿಗೆ ಪಡೆದು ಅಮೆರಿಕದ ಚಾಂಡ್ಲರ್ ಕಂಪನಿ ತಯಾರಿಸುತ್ತದೆ. ಒಂದೇ ಮೈಕಿಗೆ ಸಾಕಾಗುವ ಪೆಟ್ಟಿಗೆ, ಲಕ್ಷ ರೂಪಾಯಿ ದಾಟುವ ಬೆಲೆ. ತಂದೆ ಬ್ಯಾಂಕಿನ ಠೇವಣಿ ಮುರಿಯಲು ಸಿದ್ಧರು. ಒಂದೇ ಪ್ರಶ್ನೆ ಅವರದು: "ಇದರಿಂದ ಏನು ಬರುತ್ತೆ ಕಣಮ್ಮ?" ಮಗಳ ಉತ್ತರ: "ದನಿ ಬೆಚ್ಚಗೆ ಬರುತ್ತೆ ಅಪ್ಪ."

ಈ 'ಬೆಚ್ಚಗೆ' ಇಂಗ್ಲಿಷಿನವರ ಮಾತು. ನಮ್ಮಲ್ಲಿ ತುಂಬು ಕಂಠ ಎನ್ನುತ್ತಾರೆ, ನಾದ ತುಂಬಿದೆ ಎನ್ನುತ್ತಾರೆ. ಬೇಡವಾದದ್ದಕ್ಕೆ ಗಡಸು, ಕೀರಲು ಎನ್ನುವುದುಂಟು. ಹೆಸರು ಏನೇ ಇರಲಿ, ಕಿವಿಗೆ ಗೊತ್ತಾಗುವ ಗುಣ ಅದು. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದು ಈ ಬಿಳಿ ಮನೆಯ ಚರಿತ್ರೆಯಲ್ಲೇ ಅಡಗಿದೆ.

ಮನೆ ಕಟ್ಟಿದ್ದು 1830ರ ಆಸುಪಾಸು. ನಾಯಿ ಚಿತ್ರದ 'ಹಿಸ್ ಮಾಸ್ಟರ್ಸ್ ವಾಯ್ಸ್' ತಟ್ಟೆಗಳ ಗ್ರಾಮಫೋನ್ ಕಂಪನಿ 1929ರಲ್ಲಿ ಇದನ್ನು ಕೊಂಡು, ಹಿತ್ತಲಿನ ತೋಟದಲ್ಲಿ ಸ್ಟುಡಿಯೋಗಳನ್ನು ಎಬ್ಬಿಸಿತು. ಬೀದಿಯಿಂದ ನೋಡಿದರೆ ಸಾಧಾರಣ ಮನೆ. ಹಿಂದೆ ನೂರಕ್ಕೂ ಹೆಚ್ಚು ವಾದಕರು ಕೂರುವ ಸಭಾಂಗಣ. 1931ರ ನವೆಂಬರ್ 12ರಂದು ಸಂಗೀತಕಾರ ಎಡ್ವರ್ಡ್ ಎಲ್ಗರ್ ಲಂಡನ್ ಸಿಂಫನಿ ವಾದ್ಯವೃಂದವನ್ನು ನಡೆಸಿ ಇದನ್ನು ಉದ್ಘಾಟಿಸಿದರು. ಅದೇ ವರ್ಷ ಗ್ರಾಮಫೋನ್ ಮತ್ತು ಕೊಲಂಬಿಯಾ ಕಂಪನಿಗಳು ಕೂಡಿ ಇಎಂಐ ಆಯಿತು.

ಮೈಸೂರಿನವರು ಇಲ್ಲಿ ಒಂದು ನಿಮಿಷ ಹೆಚ್ಚು ನಿಲ್ಲಲು ಕಾರಣವಿದೆ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಾದಕ, ರಚನಕಾರ ಕಾಯಿಲೆಯಲ್ಲೂ ಬಡತನದಲ್ಲೂ ಮರೆತುಹೋಗುವ ಹಾದಿಯಲ್ಲಿದ್ದರು. ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಮಹಾರಾಜ ಜಯಚಾಮರಾಜ ಒಡೆಯರ್. 1947ರಲ್ಲಿ ಮೆಟ್ನರ್ ಇದೇ ಕಟ್ಟಡದಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಮ್ಮ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ನುಡಿಸಿದರು. ಮೂರನೆಯದನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ಅವರ ಬೆರಳಿನ ನುಡಿತ ಉಳಿದದ್ದು ಆ ತಟ್ಟೆಗಳಿಂದ. ಒಂದು ಬದಿಗೆ ನಾಲ್ಕು ನಿಮಿಷ ಚಿಲ್ಲರೆ ಮಾತ್ರ ಹಿಡಿಯುವ ತಟ್ಟೆಗಳಲ್ಲಿ ಮೂರು ಕಾನ್ಸರ್ಟೊ ತುಂಬಿಸಿದ ಶ್ರಮ ಇಂದಿನ ಮಕ್ಕಳಿಗೆ ಊಹೆಗೂ ಸಿಗದು.

ಆ ಮುದ್ರಣದಲ್ಲಿ ಮೈಕಿನ ದನಿ ಸಾಗಿದ್ದು ವಾಲ್ವ್‌ಗಳ ಮೂಲಕವೇ. ಆದರೆ ಅದು ಯಾರದೂ ಆಯ್ಕೆಯಲ್ಲ. ಟ್ರಾನ್ಸಿಸ್ಟರ್ ಎಂಬುದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಬಾರಿ ಕೆಲಸ ಮಾಡಿದ್ದೇ ಅದೇ 1947ರ ಡಿಸೆಂಬರಿನಲ್ಲಿ. ಅಲ್ಲಿಯತನಕ ಬೆಚ್ಚನೆಯ ದನಿ, ತಣ್ಣನೆಯ ದನಿ ಎಂಬ ಭೇದವೇ ಹುಟ್ಟಿರಲಿಲ್ಲ. ಎಂಜಿನಿಯರರಿಗೆ ಬೇಕಿದ್ದದ್ದು ಆದಷ್ಟೂ ಶುದ್ಧವಾದ ದನಿ.

ಪ್ರೀಆಂಪಿನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಮೈಕು ಹೊರಡಿಸುವ ವಿದ್ಯುತ್ತು ಬಹಳ ಸಣ್ಣದು, ಸಾಮಾನ್ಯವಾಗಿ ಕೆಲವು ಮಿಲಿವೋಲ್ಟ್, ಮೆಲುದನಿಗೆ ಅದಕ್ಕಿಂತಲೂ ಕಡಿಮೆ. ಮುಂದಿನ ಯಂತ್ರಗಳಿಗೆ ಒಂದು ವೋಲ್ಟಿನ ಆಸುಪಾಸು ಬೇಕು. ನಡುವೆ ನಿಂತು ಅದನ್ನು ನೂರು, ಕೆಲವೊಮ್ಮೆ ಸಾವಿರ ಪಟ್ಟು ಹಿಗ್ಗಿಸುವುದು ಪ್ರೀಆಂಪ್. ಪ್ರತಿ 20 ಡೆಸಿಬೆಲ್ಲಿಗೆ ವೋಲ್ಟೇಜು ಹತ್ತು ಪಟ್ಟು ಏರುತ್ತದೆ. ಹಾಗಾಗಿ ಸಾವಿರ ಪಟ್ಟು ಎಂದರೆ 60 ಡೆಸಿಬೆಲ್. ದನಿಯ ಜೊತೆಗೆ, ತಂತಿಯೊಳಗಿನ ಎಲೆಕ್ಟ್ರಾನುಗಳು ಶಾಖದಿಂದ ಅಡ್ಡಾದಿಡ್ಡಿ ಓಡಾಡುವ ಸದ್ದೂ ಸಾವಿರ ಪಟ್ಟಾಗುತ್ತದೆ. ಅದೇ ಹಿನ್ನೆಲೆಯಲ್ಲಿ ಕೇಳುವ 'ಸ್ಸ್‌ಸ್' ಎಂಬ ಸದ್ದು. ಅದಕ್ಕೆ ಪ್ರೀಆಂಪು ತನ್ನ ಪಾಲನ್ನೂ ಸೇರಿಸುತ್ತದೆ. ಒಳ್ಳೆಯದು ಕಡಿಮೆ ಸೇರಿಸುತ್ತದೆ.

ಹಿಗ್ಗಿಸುವಾಗ ಅಲೆಯ ಆಕಾರ ಚೂರಾದರೂ ಬದಲಾದರೆ ಮೂಲದಲ್ಲಿಲ್ಲದ ಸ್ವರಗಳು ಹುಟ್ಟುತ್ತವೆ. ಷಡ್ಜ 240 ಹರ್ಟ್ಸ್ ಇದೆ ಎನ್ನೋಣ. ಅದರ ಎರಡು ಪಟ್ಟು 480, ಅಂದರೆ ಮೇಲಿನ ಷಡ್ಜ. ಮೂರು ಪಟ್ಟು 720, ಮೇಲಿನ ಸ್ಥಾಯಿಯ ಪಂಚಮ. ಎರಡೂ ಮೂಲಸ್ವರದೊಡನೆ ಕೂಡಿಹೋಗುತ್ತವೆ, ದನಿ ತುಂಬಿದಂತೆ ಕೇಳುತ್ತದೆ. ಏಳನೆಯ ಪಟ್ಟು ನಮ್ಮ ಪರಿಚಿತ ಸ್ವರಸ್ಥಾನಗಳಿಗೆ ಸರಿಯಾಗಿ ಕೂರದು. ಇಂಥವು ಹೆಚ್ಚಾದರೆ ದನಿ ಗಡಸು. ವಾಲ್ವ್ ಸಾಮಾನ್ಯವಾಗಿ ಎರಡನೆಯದನ್ನು ಹೆಚ್ಚು ಸೇರಿಸುತ್ತದೆ, ಜೊತೆಗಿರುವ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಮೂರನೆಯದನ್ನು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ದಾರದ ಎಳೆ ಇಟ್ಟು ಜೀವ ತರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಎಳೆ ಕೂದಲಷ್ಟು ಸರಿದರೆ ಅದೇ ತಂತಿ ಬೇರೆಯೇ ಆಗುತ್ತದೆ. ಎಳೆ ಅತಿಯಾದರೆ ಬರೀ ಜುಂಯ್ ಎನ್ನುತ್ತದೆ.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಈ ಮನೆಯಲ್ಲೇ ಸಾಕ್ಷಿ ಇದೆ. ಇಎಂಐ 1955ರಲ್ಲಿ ಆರಂಭಿಸಿದ ಧ್ವನಿಮುದ್ರಣ ಉಪಕರಣಗಳ ವಿಭಾಗದ ಹೆಸರಿನ ಮೊದಲಕ್ಷರಗಳೇ 'ರೆಡ್'. ಬಿಳಿ ಕೋಟು ತೊಟ್ಟ ತಂತ್ರಜ್ಞರ ಕಾಲ ಅದು. ಎರಡನೆಯ ಸ್ಟುಡಿಯೋದಲ್ಲಿ ಮೊದಲು ಸೀಮೆನ್ಸ್ ವಿ72ಎಸ್ ವಾಲ್ವ್ ಆಂಪ್ಲಿಫೈಯರುಗಳ ಮೇಜು ಇತ್ತು. 1963ರ ಫೆಬ್ರವರಿಯಲ್ಲಿ ಬೀಟಲ್ಸ್ ಒಂದೇ ದಿನ ಹತ್ತು ಹಾಡು ಮುದ್ರಿಸಿದ್ದು ಅದರಲ್ಲೇ. 1964ರಲ್ಲಿ ಕಂಪನಿಯೇ ರೂಪಿಸಿದ ರೆಡ್.47ಗಳ ಮೇಜು ಬಂತು. ಇಎಫ್86, ಇ88ಸಿಸಿ ಎಂಬ ಎರಡು ವಾಲ್ವ್‌ಗಳ ಉಪಕರಣ. ಪಿಟೀಲುಗಳನ್ನು ಮೃದುವಾಗಿ ಹಿಡಿಯುತ್ತಿದ್ದ ಈ ಮೇಜಿನಲ್ಲೇ, 1968ರ ಜುಲೈಯಲ್ಲಿ 'ರೆವಲ್ಯೂಷನ್' ಹಾಡಿಗಾಗಿ ಗಿಟಾರನ್ನು ನೇರ ಜೋಡಿಸಿ, ಒಂದು ಪ್ರೀಆಂಪಿನಿಂದ ಇನ್ನೊಂದಕ್ಕೆ ಹಾಯಿಸಿ, ಮಿತಿ ಮೀರಿ ಏರಿಸಿದರು. ಬಂದದ್ದು ಬಟ್ಟೆ ಹರಿದಂಥ ಕರ್ಕಶ ಸದ್ದು. ಅವರಿಗೆ ಬೇಕಾಗಿದ್ದದ್ದೂ ಅದೇ. ಅಂದಮೇಲೆ ಬೆಚ್ಚನೆಯ ದನಿ ಪೆಟ್ಟಿಗೆಯೊಳಗೆ ಕಾದು ಕುಳಿತ ವಸ್ತುವಲ್ಲ. ಎಷ್ಟು ದನಿಯನ್ನು ಅದಕ್ಕೆ ಊಡಿಸುತ್ತೇವೆ ಎಂಬುದರ ಮೇಲೆ ಅದೇ ಪೆಟ್ಟಿಗೆ ಮೂರು ರೂಪ ತಾಳುತ್ತದೆ.

ಇನ್ನೂ ದೊಡ್ಡ ವಿಪರ್ಯಾಸ ಅದೇ ವರ್ಷದ ಕೊನೆಯಲ್ಲಿ. 1968ರ ನವೆಂಬರಿನಲ್ಲಿ ವಾಲ್ವ್ ಮೇಜನ್ನು ತೆಗೆದು ಟಿಜಿ12345 ಎಂಬ ಟ್ರಾನ್ಸಿಸ್ಟರ್ ಮೇಜನ್ನು ತಂದರು. ಎಂಟು ಮೈಕುಗಳ ಜಾಗದಲ್ಲಿ ಈಗ ಇಪ್ಪತ್ತನಾಲ್ಕು. 1969ರಲ್ಲಿ 'ಆ್ಯಬಿ ರೋಡ್' ಧ್ವನಿಮುದ್ರಿಕೆಯ ಬಹುಪಾಲು ಇದರಲ್ಲೇ ಆಯಿತು. ಹಳೆಯ ಮೇಜಿನಲ್ಲಿ ಪಳಗಿದ್ದ ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಮೊದಲು ಇದು ಹಿಡಿಸಲಿಲ್ಲ: ಡ್ರಮ್ಮಿಗೆ ಹಿಂದಿನ ಗುದ್ದು ಇಲ್ಲ, ಎಲ್ಲವೂ ಮೆತ್ತಗೆ ಎಂಬುದು ಅವರ ಅನುಭವ. ಗಮನಿಸಿ: ವಾಲ್ವ್ ಗಡಸು, ಟ್ರಾನ್ಸಿಸ್ಟರ್ ಮೆದು! ಇಂದಿನ ಜಾಹೀರಾತುಗಳು ಹೇಳುವುದಕ್ಕೆ ತದ್ವಿರುದ್ಧ. ಆ ಮೆದುತನವೇ ಆ ಮುದ್ರಿಕೆಯ ಸೊಗಸು ಎಂದು ಆಮೇಲೆ ಜನ ಮೆಚ್ಚಿದರು.

ಮಗಳಿಗೆ ಈ ಕತೆಗಳೆಲ್ಲ ಗೊತ್ತು. ಗೋಡೆಗೊರಗಿ ನಿಂತು ತಂದೆಗೆ ಹೇಳಿದವಳೂ ಅವಳೇ. ತಂದೆ ಹುಡುಗನಾಗಿದ್ದಾಗ ಮನೆಯ ವಾಲ್ವ್ ರೇಡಿಯೋ ಬಿಚ್ಚಿ ಜೋಡಿಸಿ ಬೈಸಿಕೊಂಡವರು. ಅವರು ಕೇಳಿದ್ದು ಬೇರೆ. "ನಿಮ್ಮಮ್ಮನ ವೀಣೆ ಎಷ್ಟು ಜೋರು?"

ಅಸಲು ಪ್ರಶ್ನೆ ಅದೇ. ಡ್ರಮ್ಮು, ಗಿಟಾರು, ಏರುದನಿಯ ಹಾಡು ಪ್ರೀಆಂಪನ್ನು ಚೆನ್ನಾಗಿ ತುಂಬುತ್ತವೆ; ವಾಲ್ವ್ ಬಣ್ಣ ಹಚ್ಚುವುದು ಆಗ. ವೀಣೆ ಮೆಲುದನಿಯ ವಾದ್ಯ. ಗಮಕದ ಕೊನೆಯಲ್ಲಿ ತಂತಿ ಕ್ಷೀಣಿಸುತ್ತ ಹೋಗುವ ಜಾಗದಲ್ಲೇ ಅದರ ಜೀವ. ಅಲ್ಲಿ ಬಣ್ಣಕ್ಕಿಂತ ನಿಶ್ಶಬ್ದ ಮುಖ್ಯ, 'ಸ್ಸ್‌ಸ್' ಸೇರಿಸದ, ಸಾಕಷ್ಟು ಹಿಗ್ಗಿಸಬಲ್ಲ ಪ್ರೀಆಂಪ್ ಮುಖ್ಯ. ಅಂಥವು ಇಂದು ಸಾಧಾರಣ ಬೆಲೆಯ ಧ್ವನಿಮುದ್ರಣ ಪೆಟ್ಟಿಗೆಗಳ ಒಳಗೇ ಇರುತ್ತವೆ. ಅಗ್ಗದ 'ವಾಲ್ವ್' ಪೆಟ್ಟಿಗೆಗಳ ಬಗ್ಗೆಯಂತೂ ಎಚ್ಚರ ಬೇಕು. ಇನ್ನೂರು ಮುನ್ನೂರು ವೋಲ್ಟ್ ಬೇಡುವ ವಾಲ್ವನ್ನು ಕೆಲವದರಲ್ಲಿ ಹತ್ತಾರು ವೋಲ್ಟಿನಲ್ಲಿ ನಡೆಸುತ್ತಾರೆ. ಕಿಂಡಿಯಲ್ಲಿ ಕೆಂಪಗೆ ಕಾಣಲು ಹಿಂದೊಂದು ಪುಟ್ಟ ದೀಪ ಇಡುವುದೂ ಉಂಟು. ದೀಪದಿಂದ ದನಿ ಬೆಚ್ಚಗಾಗದು.

ಇನ್ನು ಮೈಕು. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕನ್ನು ವಾದ್ಯದ ಹತ್ತಿರ ತಂದಷ್ಟೂ ಮಂದ್ರ ಸ್ವರಗಳು ಉಬ್ಬುತ್ತವೆ. ಒಂದು ಗೇಣು ಹಿಂದೆ ಮುಂದೆ ಸರಿಸಿದರೆ ಆಗುವ ಬದಲಾವಣೆ, ಪ್ರೀಆಂಪ್ ಬದಲಿಸಿದರೆ ಆಗುವುದಕ್ಕಿಂತ ಹೆಚ್ಚು. ಅದಕ್ಕಿಂತ ಹೆಚ್ಚಿನದು ಕೋಣೆ. ಆ್ಯಬಿ ರೋಡಿನ ಎರಡನೆಯ ಸ್ಟುಡಿಯೋ ಎತ್ತರದ ಚಾವಣಿಯ ಹಜಾರ. ಮೈಸೂರಿನ ಮಹಡಿ ಕೋಣೆಗೆ ಕೆಂಪು ಗಾರೆ ನೆಲ, ಎದುರುಬದುರು ನುಣುಪು ಗೋಡೆ. ಚಪ್ಪಾಳೆ ತಟ್ಟಿದರೆ 'ಟಣ್' ಎಂದು ಮರುನುಡಿಯುತ್ತದೆ. ಆ ಕೋಣೆಯಲ್ಲಿ ರೆಡ್.47 ಇಟ್ಟರೂ ಅದು ಆ 'ಟಣ್' ಅನ್ನೇ ನಿಷ್ಠೆಯಿಂದ ಸಾವಿರ ಪಟ್ಟು ಮಾಡಿ ಕೊಡುತ್ತದೆ.

"ಹಾಗಾದ್ರೆ ವಾಲ್ವ್ ಬೇಡವೇ ಬೇಡ ಅಂತೀರಾ ಅಪ್ಪ?" ಮಗಳ ದನಿಯಲ್ಲಿ ನಿರಾಸೆ ಇತ್ತು.

"ಬೇಡ ಅನ್ನಲಿಲ್ಲ ಕಣಮ್ಮ. ಎರಡನ್ನೂ ಕೇಳಿ ನೋಡು. ಯಾವುದು ಯಾವುದು ಅಂತ ನಿನಗೆ ಗೊತ್ತಾಗಬಾರದು, ಅಷ್ಟೆ."

ಆ ಷರತ್ತಿನಲ್ಲಿ ವಿಜ್ಞಾನವಿದೆ. ಎರಡು ಪ್ರೀಆಂಪ್ ಹೋಲಿಸುವಾಗ ಮೈಕು, ವಾದಕರು, ಜಾಗ ಒಂದೇ ಇರಬೇಕು. ದನಿಯ ಮಟ್ಟ ಅಳೆದು ಸಮ ಮಾಡಬೇಕು. ಒಂದು ಡೆಸಿಬೆಲ್ ಜೋರಾದರೂ ಕಿವಿ ಅದನ್ನೇ 'ಚೆನ್ನ' ಎನ್ನುತ್ತದೆ. ಬದಲಿಸುವವರು ಬೇರೆ, ಕೇಳುವವರು ಬೇರೆ ಆಗಿರಬೇಕು. ಬೆಲೆಚೀಟಿ ಕಂಡಮೇಲೆ ಕೇಳಿದ್ದು ಕೇಳಿದ್ದಲ್ಲ. ಬೆಂಗಳೂರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಸ್ಟುಡಿಯೋಗಳಿವೆ. ಠೇವಣಿ ಮುರಿಯುವ ಮುನ್ನ ತಾಯಿಯನ್ನೂ ವೀಣೆಯನ್ನೂ ಅಲ್ಲಿಗೆ ಕರೆದೊಯ್ದು ಒಂದು ಮಧ್ಯಾಹ್ನ ಕೇಳಿ ನೋಡುವುದಕ್ಕೆ ಬಡ್ಡಿಯ ಹಣ ಸಾಕು.

ಮಗಳು ಗೋಡೆಯ ಮೇಲೆ ಖಾಲಿ ಜಾಗ ಹುಡುಕಿ ಪುಟ್ಟದಾಗಿ ಕನ್ನಡದಲ್ಲಿ ತಾಯಿಯ ಹೆಸರು ಬರೆದಳು. ಇಬ್ಬರೂ ಪಟ್ಟೆಗಳನ್ನು ದಾಟಿದರು. ಚಿತ್ರ ತೆಗೆಸಿಕೊಳ್ಳಲು ನಿಲ್ಲಲಿಲ್ಲ, ಹಿಂದೆ ಬಸ್ಸು ಕಾಯುತ್ತಿತ್ತು. ಲಾರ್ಡ್ಸ್ ಕಡೆ ತಿರುಗುವ ಮೂಲೆಯಲ್ಲಿ ತಂದೆ ಮೈಸೂರಿಗೆ ಫೋನು ಮಾಡಿದರು. ಅಲ್ಲಿ ಆಗಲೇ ಸಂಜೆಯ ಪಾಠ ಮುಗಿದಿತ್ತು. "ಅಟ್ಟದ ಮೇಲೆ ಹಳೇ ಹತ್ತಿ ಹಾಸಿಗೆ ಎಷ್ಟಿವೆ ನೋಡು," ಎಂದರು, "ಯಾರಿಗೂ ಕೊಟ್ಟುಬಿಡಬೇಡ. ಜಮಖಾನಾನೂ ಇರಲಿ."