ಕೊರಿಯಾದ ಖಾರದ ಕೋಳಿ, ನಮ್ಮ ಒಲೆಯಲ್ಲಿ

ದಕ್ಷಿಣ ಕೊರಿಯಾದ ಸಿಯೋಲ್‌ಗೆ ಹೋದರೆ ಇಟೆವಾನ್ ಬಡಾವಣೆಯ ಏರುದಾರಿ ಹತ್ತಿ ನೋಡಿ. ಮೇಲೆ 1976ರಲ್ಲಿ ತೆರೆದ ಕೇಂದ್ರ ಮಸೀದಿ, ಆಸುಪಾಸಿನಲ್ಲಿ ಹಲಾಲ್ ಮಾಂಸದಂಗಡಿಗಳು. ಅಲ್ಲಿ ಕೋಳಿ ಕೊಂಡರೆ ಅರ್ಧ ಚಿಂತೆ ತೀರಿತು. ಉಳಿದರ್ಧ ಮಸಾಲೆಯ ಡಬ್ಬಿಯಲ್ಲಿದೆ.

ಅಲ್ಲಿನ ಮನೆಗಳ ಖಾರದ ಕೋಳಿ ಪದಾರ್ಥದ ಹೆಸರು ದಕ್‌ಬೊಕ್ಕುಮ್‌ತಾಂಗ್. ಇದರ ಜೀವಾಳ ಗೊಚುಜಾಂಗ್, ಅಂದರೆ ಮೆಣಸಿನಪುಡಿ, ಅಕ್ಕಿ, ಸೋಯಾ ಬೆರೆಸಿ ಹುದುಗಿಸಿದ ಕೆಂಪು ಹಿಟ್ಟು. ಕೆಡದಿರಲೆಂದು ಹಲವು ಕಂಪೆನಿಗಳು ಇದಕ್ಕೆ ಮದ್ಯಸಾರ ಸೇರಿಸುತ್ತವೆ. ಕೋಳಿಯ ವಾಸನೆ ಹೋಗಲೆಂದು ಅಕ್ಕಿಯ ಮದ್ಯ ಸುರಿಯುವವರೂ ಇದ್ದಾರೆ. ಆದ್ದರಿಂದ ಗೊಚುಜಾಂಗ್, ಸೋಯಾ ಸಾಸ್ ಎರಡರಲ್ಲೂ ಹಲಾಲ್ ಮುದ್ರೆ ನೋಡಿಯೇ ಕೊಳ್ಳಿ.

ವಾಸನೆಗೆ ಮದ್ಯ ಬೇಕಾಗಿಲ್ಲ. 1 ಕಿಲೋ ಕೋಳಿಯನ್ನು 2 ನಿಮಿಷ ಕುದಿಸಿ ಆ ನೀರು ಚೆಲ್ಲಿ. ಬಳಿಕ 2 ಚಮಚ ಗೊಚುಜಾಂಗ್, 2 ಚಮಚ ಮೆಣಸಿನಪುಡಿ, 4 ಚಮಚ ಸೋಯಾ ಸಾಸ್, 1 ಚಮಚ ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ, ಶುಂಠಿ ಹಾಕಿ. ನಮ್ಮ ಬ್ಯಾಡಗಿ ಮೆಣಸಾದರೆ ಬಣ್ಣ ಚೆನ್ನ, ಖಾರ ಹದ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, 2 ಲೋಟ ನೀರು ಸೇರಿಸಿ ಸುಮಾರು 35 ನಿಮಿಷ ಬೇಯಿಸಿ. ಕೊನೆಗೆ ಮುಚ್ಚಳ ತೆಗೆದು ರಸ ಗಟ್ಟಿಯಾಗಲು ಬಿಡಿ. ಮೇಲೆ ಈರುಳ್ಳಿ ಸೊಪ್ಪು ಉದುರಿಸಿ, ಬಿಸಿ ಅನ್ನದೊಂದಿಗೆ ಬಡಿಸಿ.

ಓದಿಗೋ ಕೆಲಸಕ್ಕೋ ಕೊರಿಯಾಕ್ಕೆ ಹೊರಟ ಮಕ್ಕಳಿದ್ದರೆ ಈ ಅಡುಗೆ ಕಲಿಸಿ ಕಳಿಸಿ. ಡಬ್ಬಿಯ ಮೇಲಿನ ಚೀಟಿ ಓದುವ ಅಭ್ಯಾಸವೂ ಜೊತೆಗಿರಲಿ.