ಕುರುಚಲು ಕಾಡಿನ ಗಾಯಕರು

ಹಕ್ಕಿಗಳನ್ನು ಕಾಣಲು ದೂರದ ಅಡವಿಗಳಿಗೇ ಹೋಗಬೇಕೆಂಬ ಭಾವನೆ ನಮ್ಮಲ್ಲನೇಕರಿಗಿದೆ. ಮೈಸೂರಿನವರಿಗೆ ಆ ಶ್ರಮ ಬೇಕಿಲ್ಲ. ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಚಾಮುಂಡಿ ಬೆಟ್ಟಕ್ಕೆ ಕಟ್ಟಿಸಿದ ಮೆಟ್ಟಿಲುಗಳನ್ನು ಬೆಳಗಿನ ಹೊತ್ತು ನಿಧಾನವಾಗಿ ಏರಿದರೆ ಸಾಕು, ಇಕ್ಕೆಲದ ಕುರುಚಲು ಕಾಡು ಹಾಡತೊಡಗುತ್ತದೆ. ಗಾಯಕರು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಬಿಳಿಹುಬ್ಬಿನ ಪಿಕಳಾರ ಪೊದೆಯೊಳಗಿಂದಲೇ ಗದ್ದಲವೆಬ್ಬಿಸುತ್ತದೆ. ಟುವ್ವಿ ಹಕ್ಕಿ ತನ್ನ ಗಾತ್ರಕ್ಕೆ ಮೀರಿದ ದನಿಯಲ್ಲಿ ಒಂದೇ ಸಮನೆ ಕೂಗುತ್ತದೆ. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರುವ, ಹತ್ತು ಗ್ರಾಂ ತೂಕವೂ ಇಲ್ಲದ ಎಲೆ ಉಲಿಯಕ್ಕಿಯಂತೂ ಎಲೆಗಳ ನಡುವೆ ತಾನೂ ಒಂದು ಎಲೆಯಾಗಿಬಿಡುತ್ತದೆ. ಈ ವಿದ್ಯೆಯಲ್ಲಿ ಮೊದಲು ಬೇಕಾದುದು ಕಿವಿ, ಅನಂತರ ಕಣ್ಣು; ಕ್ಯಾಮೆರಾ ಕಟ್ಟಕಡೆಯದು.

ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆ ನಡೆಸಿದ ಕಾಲದಲ್ಲಿ ಹಕ್ಕಿಯನ್ನು ಖಚಿತವಾಗಿ ಗುರುತಿಸಲು ಕೋವಿಯೇ ಸಾಧನವಾಗಿತ್ತು. ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದುದು ದೊಡ್ಡ ಉಪಕಾರವೇ ಸರಿ. ಆದರೆ ಅದು ಪೂರ್ಣ ನಿರಪಾಯವೆಂದು ನಾನು ಒಪ್ಪಲಾರೆ. ಒಂದು ಸುರುಳಿಗೆ 36 ಚಿತ್ರವೆಂಬ ಲೆಕ್ಕವಿದ್ದಾಗ ಬಡತನವೇ ನಮಗೆ ತಾಳ್ಮೆ ಕಲಿಸುತ್ತಿತ್ತು. ಈಗ ಕ್ಷಣಕ್ಕೆ ಹತ್ತಾರು ಚಿತ್ರಗಳು. ಸಾಲದ್ದಕ್ಕೆ ಕೈಯಲ್ಲಿ ಮೊಬೈಲು. ಮುಂಗಾರಿನಲ್ಲಿ ಗಂಡು ಮಧುರಕಂಠದ ಹಾಡನ್ನು ಅದರಿಂದ ನುಡಿಸಿದರೆ, ಆ ಪುಟ್ಟ ಹಳದಿ ಹಕ್ಕಿ ಎದುರಾಳಿಯೊಬ್ಬ ಬಂದನೆಂದು ಆಹಾರ ಹುಡುಕುವುದನ್ನೂ ಬಿಟ್ಟು ಕೆರಳಿ ಎದುರಿಗೆ ಬಂದು ಕೂರುತ್ತದೆ. ಚಿತ್ರ ಸೊಗಸಾಗಿ ಬರುತ್ತದೆ. ಇಲ್ಲದ ಶತ್ರುವಿನೊಡನೆ ಅದು ಹೋರಾಡಿ ದಣಿದುದು ಚಿತ್ರದಲ್ಲಿ ಕಾಣುವುದಿಲ್ಲ.

ಒಮ್ಮೆ ಶಾಲೆಯ ಕೆಲವು ವಿದ್ಯಾರ್ಥಿಗಳೊಡನೆ ಹೋದಾಗ, ಮೆಟ್ಟಿಲಿನಿಂದ ತುಸು ದೂರದ ಗಿಡದ ಕವಲಿನಲ್ಲಿ ಮಧುರಕಂಠದ ಗೂಡು ಕಂಡಿತು. ಜೇಡರ ಬಲೆಯಿಂದ ಬಿಗಿದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಟ್ಟಲು. ತಾಯಿ ಅಲುಗದೆ ಕುಳಿತಿತ್ತು. ಚುರುಕಾದ ಹುಡುಗನೊಬ್ಬ, "ಸಾರ್, ಅಡ್ಡ ಬಂದಿರುವ ಆ ರೆಂಬೆಯನ್ನು ಹಿಂದಕ್ಕೆ ಕಟ್ಟಿದರೆ ಬೆಳಕು ಚೆನ್ನಾಗಿ ಬೀಳುತ್ತದೆ" ಎಂದ. ಛಾಯಾಗ್ರಾಹಕನ ದೃಷ್ಟಿಯಿಂದ ಅವನ ಮಾತು ನೂರಕ್ಕೆ ನೂರು ಸರಿ. ನಮಗೆ ಅಡ್ಡವಾಗಿದ್ದ ಆ ರೆಂಬೆಯೇ ಮರಿಗಳಿಗೆ ಬಿಸಿಲಿನಿಂದ ನೆರಳು, ಕಾಗೆ ಓತಿಕ್ಯಾತಗಳಿಂದ ಮರೆ. ಇದನ್ನು ವಿವರಿಸಿದೆ. ಅವನು ಒಪ್ಪಿದನಾದರೂ ಮುಖ ಅರಳಲಿಲ್ಲ. ನನಗೂ ಆಸೆಯಿರಲಿಲ್ಲವೆಂದರೆ ಸುಳ್ಳಾದೀತು. ಅಂಥ ಗೂಡು ಅಷ್ಟು ಸಮೀಪದಲ್ಲಿ ಮತ್ತೆ ನನಗೆ ದೊರೆತಿಲ್ಲ. ಕ್ಯಾಮೆರಾವನ್ನು ಚೀಲಕ್ಕಿಳಿಸಿ ಹಿಂದಿರುಗಿದೆವು.

ಮೂರು ವಾರಗಳ ಬಳಿಕ ಆ ಹುಡುಗನೇ ನನ್ನನ್ನು ಒತ್ತಾಯಿಸಿ ಅಲ್ಲಿಗೆ ಕರೆದೊಯ್ದ. ಗೂಡು ಬರಿದಾಗಿತ್ತು. ಪಕ್ಕದ ಮರದಲ್ಲಿ ಎರಡು ಮರಿಗಳು ರೆಕ್ಕೆ ನಡುಗಿಸುತ್ತ ತುತ್ತಿಗಾಗಿ ಬಾಯ್ದೆರೆದಿದ್ದವು. ಅವನು ತೆಗೆದ ಚಿತ್ರದಲ್ಲಿ ಮೂಡಿದ್ದು ಎಲೆಗಳು ಮತ್ತು ಒಂದು ಬಾಲದ ತುದಿ. ಅದರ ಪ್ರತಿಯೊಂದನ್ನು ನಾನು ಕೇಳಿ ಪಡೆದಿದ್ದೇನೆ.