ಮಾಡಿನ ನೀರಿಗೊಂದು ಹಾದಿ

ಮಳೆಗಾಲಕ್ಕೆ ಮುನ್ನ ಮಾಡಿನಂಚಿನ ದಂಬೆಗಳನ್ನೂ, ಅವುಗಳಿಂದ ನೀರನ್ನು ನೆಲಕ್ಕಿಳಿಸುವ ಕೊಳವೆಗಳನ್ನೂ ಕೈಯಾರೆ ಶುದ್ಧಗೊಳಿಸುವ ಕಾರ್ಯವು ಮಲೆನಾಡಿನ ಮನೆವಾರ್ತೆಯಲ್ಲಿ ಯಾರ ಆದರಕ್ಕೂ ಪಾತ್ರವಾಗದೆ ಉಳಿದಿರುವುದಾದರೂ, ನನ್ನ ಪಾಲಿಗೆ ಅದು ವರ್ಷವಿಡೀ ಎದುರುನೋಡುವ ವಿನೋದವಾಗಿದೆ. ಭರಣಿಯ ಮಳೆ ಒಂದೆರಡು ಸಂಜೆ ಗುಡುಗಿ ಸುರಿದು, ಹಂಚಿನ ಮೇಲಿನ ಧೂಳೆಲ್ಲ ತೊಳೆದು ದಂಬೆಗೆ ಇಳಿದ ಮೇಲೆ, ಮತ್ತೆ ಬಿಸಿಲು ಹತ್ತಿದ ಒಂದು ಮುಂಜಾವದಲ್ಲಿ ಕೊಟ್ಟಿಗೆಯ ಅಟ್ಟದಿಂದ ಏಣಿಯನ್ನು ಇಳಿಸಿ, ಬಿದಿರಿನ ಸೀಳು, ತೆಂಗಿನ ನಾರಿನ ಹಗ್ಗ, ಹಳೆಯ ಗೋಣಿಯ ತುಂಡು, ಒಂದು ಬಕೆಟ್ಟು ಇಷ್ಟನ್ನು ಜೋಡಿಸಿಕೊಂಡು ಸೂರಿನ ಕೆಳಗೆ ನಿಂತೆನೆಂದರೆ, ಮಧ್ಯಾಹ್ನದ ಊಟಕ್ಕೆ ಕರೆ ಬರುವವರೆಗೆ ನನಗೆ ಲೋಕದ ಇತರ ವ್ಯವಹಾರಗಳ ಪರಿವೆಯಿರುವುದಿಲ್ಲ.

ನಮ್ಮ ಹಿರಿಯರ ಸೋಗೆಯ ಮನೆಗಳಿಗೆ ಈ ಚಿಂತೆಯೇ ಇದ್ದಿಲ್ಲ. ಸೂರಿನ ಉದ್ದಕ್ಕೂ ಇಳಿದ ನೀರು ಜಗುಲಿಯಾಚೆಗೆ ತಾನೇ ಒಂದು ಸಾಲು ಕುಳಿಗಳನ್ನು ಕೊರೆದುಕೊಂಡು ಅಂಗಳಕ್ಕೆ ಹರಿದುಹೋಗುತ್ತಿತ್ತು. 1430ರಲ್ಲಿ ಕಟ್ಟಲ್ಪಟ್ಟ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಶಿಲ್ಪಿಗಳು ಕೂಡ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿ, ನೀರನ್ನು ಹಿಡಿಯುವುದಕ್ಕಿಂತ ಬಿಟ್ಟುಕೊಡುವುದರಲ್ಲಿಯೇ ಜಾಣ್ಮೆಯನ್ನು ಕಂಡವರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಕೆಂಪು ಹಂಚು ಕ್ರಮೇಣ ಘಟ್ಟವನ್ನೇರಿ ಬಂದಿತು. ಮನೆಗೆ ಮನೆ ಕೂಡಿಕೊಂಡು, ಎರಡು ಮಾಡುಗಳ ನೀರು ಒಂದೇ ಸಂದಿಗೆ ಸುರಿಯುವಂತಾದಲ್ಲಿ, ಅಡಕೆಯ ಮರವನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದ ದಂಬೆಯನ್ನು ಕವೆಗೋಲುಗಳ ಮೇಲೆ ಒರಗಿಸಿ ನೀರನ್ನು ದೂರಕ್ಕೆ ಸಾಗಿಸುವುದು ವಾಡಿಕೆಯಾಯಿತು. ಆ ದಂಬೆ ಕೆಲವು ಮಳೆಗಾಲಗಳಲ್ಲಿ ಕೊಳೆತುಹೋಗುತ್ತಿದ್ದುದು ನಿಜ. ಆದರೆ ಅದು ಬಾಯ್ದೆರೆದುಕೊಂಡಿದ್ದುದರಿಂದ ಅದರ ಕುಂದುಕೊರತೆಗಳೆಲ್ಲ ಅಂಗಳದಲ್ಲಿ ನಿಂತವನ ಕಣ್ಣಿಗೇ ಬೀಳುತ್ತಿದ್ದುವು. ಈಗಿನ ತಗಡಿನ ದಂಬೆಗೂ ಪಿ.ವಿ.ಸಿ. ಪೈಪಿಗೂ ಬಾಳಿಕೆ ಅಧಿಕ, ಅಂದವೂ ಅಧಿಕ. ಆದರೆ ಮುಚ್ಚಿದ ಕೊಳವೆಯು ತನ್ನ ಹೊಟ್ಟೆಯೊಳಗಿನ ಸಂಕಟವನ್ನು, ಗೋಡೆಯೆಲ್ಲ ನೆನೆದು ಸುಣ್ಣ ಉದುರುವವರೆಗೂ, ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಈ ಸರಳ ಲೆಕ್ಕವನ್ನು ಹಿಡಿದು ನೋಡಿದರೆ, 100 ಚದರ ಮೀಟರಿನ ಸಾಧಾರಣ ಮಾಡೊಂದು, ಆರಿದ್ರೆಯಲ್ಲಿ ನಮಗೆ ಅಪರೂಪವಲ್ಲದ 100 ಮಿಲಿಮೀಟರಿನ ಒಂದೇ ಹಗಲಿನಲ್ಲಿ 10,000 ಲೀಟರು ನೀರನ್ನು ನೆಲಕ್ಕಿಳಿಸಬೇಕಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯಂತಹ ಕಡೆ ಆ ಮಾಡಿನ ದುಡಿಮೆ ಎಷ್ಟೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು. ಇಷ್ಟೂ ನೀರು ಅಂಗೈಯಗಲದ ಎರಡು ಮೂರು ಬಾಯಿಗಳ ಮೂಲಕ ಹೊರಟುಹೋಗಬೇಕು. ಅಂತಹ ಬಾಯಿಯೊಂದಕ್ಕೆ ಹಲಸಿನ ಒಂದು ಎಲೆ ಅಂಗಾತ ಬಿದ್ದು ಅಂಟಿಕೊಂಡರೆ ಸಾಕು, ಉಳಿದ ಅನಾಹುತಕ್ಕೆ ಅದೇ ನಾಂದಿಯಾಗುತ್ತದೆ.

ಕಟ್ಟಿಕೊಳ್ಳುವ ಕ್ರಮವನ್ನು ನಾನು ಬಹಳ ಆಸ್ಥೆಯಿಂದ ನೋಡಿದ್ದೇನೆ. ಮೊದಲು ಒಂದು ಕಡ್ಡಿ ಕೊಳವೆಯ ತಿರುವಿನಲ್ಲಿ ಅಡ್ಡವಾಗುತ್ತದೆ. ಆ ಕಡ್ಡಿಗೆ ಎಲೆಯ ತೊಟ್ಟು ಸಿಕ್ಕಿಕೊಳ್ಳುತ್ತದೆ. ತೊಟ್ಟಿನ ಹಿಂದೆ ಅಡಕೆಯ ಸಿಂಗಾರದ ಒಣ ಎಸಳುಗಳು, ಹಂಚಿನಿಂದ ಕಳಚಿದ ಪಾಚಿ, ಹಂಚೇ ಸವೆದು ಉದುರಿದ ಕೆಂಪು ಮರಳು ಒಂದರ ಮೇಲೊಂದು ಬಂದು ಕೂರುತ್ತವೆ. ಕೊನೆಗೆ ಕಣ್ಣಿಗೆ ಕಾಣದಷ್ಟು ನುಣುಪಾದ ಕೆಸರು ಇವೆಲ್ಲದರ ಸಂದುಗಳನ್ನು ಮೆತ್ತಿ ಮುಚ್ಚುತ್ತದೆ. ಇದು ಸಂಭವಿಸುವುದು ಬಹುಮಟ್ಟಿಗೆ ನೆಟ್ಟಗಿನ ಭಾಗದಲ್ಲಲ್ಲ, ಪ್ಲಂಬರುಗಳು ಎಲ್ಬೋ ಎನ್ನುವ ತಿರುವಿನಲ್ಲಿ. ದಂಬೆಯಿಂದ ಗೋಡೆಯ ಕಡೆಗೆ ಹೊರಳುವ ಜಾಗವೊಂದು, ನೆಲದ ಹತ್ತಿರ ಮೋರಿಯ ಕಡೆಗೆ ಹೊರಳುವ ಜಾಗವೊಂದು: ಈ ಎರಡನ್ನು ಮೊದಲು ಶಂಕಿಸಿದವನು ಹೆಚ್ಚು ಶ್ರಮಪಡಬೇಕಾಗಿಲ್ಲ.

ಆದರೂ ನಾನು ಶಂಕೆಯನ್ನೇ ನಂಬಿ ಕೈಹಾಕುವುದಿಲ್ಲ. ಬೆರಳ ಗೆಣ್ಣಿನಿಂದ ಕೊಳವೆಯನ್ನು ಮೇಲಿನಿಂದ ಕೆಳಗೆ ಗೇಣುಗೇಣಿಗೆ ತಟ್ಟುತ್ತ ಬರುವುದು ಈ ಕಾರ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ. ಬರಿದಾದ ಕೊಳವೆ ಟೊಳ್ಳಾಗಿ ಮೊಳಗುತ್ತದೆ; ನೀರು ನಿಂತಲ್ಲಿ ದನಿ ಕುಗ್ಗುತ್ತದೆ; ಕಸ ಕಟ್ಟಿದಲ್ಲಿ ದನಿಯೇ ಇರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮೂರು ಮೀಟರು ಎತ್ತರದ, 110 ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ನೀರು ತುಂಬಿ ನಿಂತರೆ ಅದರ ತೂಕ 25 ಕಿಲೋಗ್ರಾಮಿಗೂ ಹೆಚ್ಚು. ಮಳೆನೀರಿನ ಪೈಪು ಸುಮ್ಮನೆ ಹರಿದುಹೋಗುವ ನೀರಿಗೆಂದು ಮಾಡಿದ್ದೇ ಹೊರತು ಇಂತಹ ಭಾರವನ್ನು ಹೊತ್ತು ನಿಲ್ಲುವುದಕ್ಕಲ್ಲ. ಆದುದರಿಂದಲೇ ಕಟ್ಟಿದ ಕೊಳವೆಗಳು ಗೋಡೆಯ ಕ್ಲಾಂಪುಗಳನ್ನು ಕಿತ್ತುಕೊಂಡು ವಾಲುವುದು, ಜೋಡಣೆಗಳು ಬಿಟ್ಟು ಗೋಡೆಗೆ ನೀರು ಚಿಮ್ಮುವುದು. ಆದುದರಿಂದಲೇ, ಕೆಳಗಿನ ತಿರುವನ್ನು ಬಿಚ್ಚುವಾತನು ಎಂದಿಗೂ ಅದರ ನೇರ ಕೆಳಗೆ ಕೂರಕೂಡದು. ಏಣಿಯ ಮೇಲೆ ಇರುವಾತನು, ಬುಡವನ್ನು ಮತ್ತೊಬ್ಬರು ಹಿಡಿದಿಲ್ಲದೆ, ಕೈಚಾಚಿ ವಾಲಕೂಡದು.

ಹೆಚ್ಚಿನವರು ಮೇಲಿನ ಬಾಯಿಯಿಂದ ಕೋಲು ತುರುಕಿ ಬಲವಾಗಿ ಕುಟ್ಟುತ್ತಾರೆ. ಕಸವು ಅದರಿಂದ ಇನ್ನೂ ಬಿಗಿಯಾಗಿ ತಿರುವಿನೊಳಗೆ ಕೂರುವುದಲ್ಲದೆ ಬೇರೆ ಪ್ರಯೋಜನವಾಗದು. ಕೆಳಗಿನಿಂದ ಬಿದಿರಿನ ಸೀಳನ್ನು ತಿರುಗಿಸುತ್ತ ತಿರುಗಿಸುತ್ತ ಮೇಲಕ್ಕೆ ಏರಿಸಿ, ಕಟ್ಟಿನ ಬುಡವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುವುದು ಉತ್ತಮ ಮಾರ್ಗ. ಬಿದಿರು ಬಾಗುತ್ತದೆ, ತಿರುವನ್ನು ಅನುಸರಿಸುತ್ತದೆ, ಕಬ್ಬಿಣದ ಸರಳಿನಂತೆ ಪೈಪನ್ನು ಸೀಳುವುದಿಲ್ಲ. ಕೆಲಹೊತ್ತಿನ ತಾಳ್ಮೆಗೆ ಫಲವಾಗಿ ಕೊಳವೆಯೊಳಗೆ ಒಂದು ಗುಟುಕಿನ ಸದ್ದಾಗಿ, ಕಪ್ಪು ನೀರು ಹನಿಹನಿಯಾಗಿ ತೊಡಗಿ, ಅನಂತರ ಇಡೀ ಕಟ್ಟು, ಅಚ್ಚಿನಿಂದ ಜಾರಿದ ಬೆಲ್ಲದಂತೆ, ಕೊಳವೆಯ ದುಂಡನ್ನೂ ತಿರುವನ್ನೂ ಹಾಗೆಯೇ ಮೈಯಲ್ಲಿ ಉಳಿಸಿಕೊಂಡು ಹೊರಗೆ ಬಂದು ಬೀಳುತ್ತದೆ. ಅದರ ಹಿಂದೆಯೇ ನುಗ್ಗುವ ನೀರಿನ ಮೊರೆತವನ್ನು ಕೇಳಿದಾಗ ನನಗಾಗುವ ಹರ್ಷವು ವಯಸ್ಸಿನೊಡನೆ ಕಿಂಚಿತ್ತೂ ಕಡಿಮೆಯಾಗಿಲ್ಲ.

ಬಿದ್ದ ಆ ಕಟ್ಟನ್ನು ನಾನು ಒಡನೆಯೇ ಎಸೆಯುವುದಿಲ್ಲ, ಬಿಡಿಸಿ ನೋಡುತ್ತೇನೆ. ಮನೆಯ ಸುತ್ತಲಿನ ಒಂದು ವರ್ಷದ ವೃತ್ತಾಂತವೆಲ್ಲ ಅದರಲ್ಲಿ ಪದರಪದರವಾಗಿ ಸಿಕ್ಕುತ್ತದೆ: ಅಡಿಯಲ್ಲಿ ಕಳೆದ ಮಳೆಗಾಲದ ಹಸಿರು ಪಾಚಿ, ಅದರ ಮೇಲೆ ಚಳಿಗಾಲದಲ್ಲಿ ಉದುರಿದ ತೇಗದೆಲೆಯ ನರಗಳು, ಮಾವಿನ ಹೂವಿನ ಹುಡಿ, ಹಕ್ಕಿ ತಂದ ನಾರು, ಮತ್ತು ಆಗಲೇ ಎರಡೆಲೆ ಬಿಟ್ಟು ಬೇರನ್ನು ಹೊರಚಾಚಿದ ಒಂದು ಅಶ್ವತ್ಥದ ಸಸಿ. ಈ ಸಸಿಯನ್ನು ಮಾತ್ರ ಯಾರೂ ಲಘುವಾಗಿ ಎಣಿಸಬಾರದು; ದಂಬೆಯ ಕೆಸರಿನಲ್ಲಿ ಹುಟ್ಟಿದ ಅಶ್ವತ್ಥವು ಗೋಡೆಯ ಬಿರುಕನ್ನು ಹುಡುಕಿಕೊಂಡು ಹೊರಟಿತೆಂದರೆ ಅದನ್ನು ಕೀಳುವುದು ಗೋಡೆಯನ್ನು ಕೀಳುವುದಕ್ಕೆ ಸಮನಾಗುತ್ತದೆ. ಪೈಪಿನಲ್ಲಿ ಕಪ್ಪೆಗಳು ವಾಸಿಸುವುದುಂಟು. ಮಡಿವಾಳ ಹಕ್ಕಿ ಬೇಸಗೆಯಲ್ಲಿ ಒಣ ಪೈಪಿನ ಬಾಯೊಳಗೆ ಗೂಡಿಡುವುದೂ ಉಂಟು. ಗೂಡಿನಲ್ಲಿ ಮರಿಗಳಿದ್ದರೆ ನಾನು ಆ ಕೊಳವೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ. ಮರಿಗಳು ಹಾರಿಹೋಗುವುದಕ್ಕೆ ರೋಹಿಣಿಯವರೆಗೆ ಸಾಮಾನ್ಯವಾಗಿ ಸಮಯ ಸಿಕ್ಕುತ್ತದೆ.

ಬಿಡಿಸುವುದಕ್ಕಿಂತ ಕಟ್ಟದಂತೆ ನೋಡಿಕೊಳ್ಳುವುದು ಮೇಲೆಂಬುದನ್ನು ಬಲ್ಲೆನಾದರೂ, ಅಂಗಡಿಯಲ್ಲಿ ಮಾರುವ ಸಾಧನಗಳಿಂದಲೇ ಅದು ಸಾಧ್ಯವೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಚಪ್ಪಟೆಯಾದ ಜಾಲರಿಯನ್ನು ಬಾಯಿಗೆ ಹಾಸಿದರೆ ಎರಡು ಎಲೆಗಳು ಅದನ್ನು ಮುಚ್ಚಿಬಿಡುತ್ತವೆ. ಗುಮ್ಮಟದಂತೆ ಮೇಲೆದ್ದ ತಂತಿಯ ಜಾಲರಿಯಾದರೆ, ಬುಡದಲ್ಲಿ ಎಲೆ ಕಟ್ಟಿದರೂ ನೆತ್ತಿಯಿಂದ ನೀರು ಇಳಿಯುತ್ತದೆ. ತೊಂಬತ್ತು ಡಿಗ್ರಿಯ ಒಂದು ತಿರುವಿನ ಬದಲಿಗೆ ನಲವತ್ತೈದರ ಎರಡನ್ನು ಹಾಕಿಸುವುದು, ಕೆಳಗಿನ ತಿರುವಿಗೆ ತೆಗೆದು ಹಾಕಬಹುದಾದ ಮುಚ್ಚಳವಿರಿಸುವುದು, 75 ಮಿಲಿಮೀಟರಿನ ಕೊಳವೆಗೆ ಬದಲು ಅದರ ಎರಡರಷ್ಟಕ್ಕೂ ಹೆಚ್ಚು ನೀರಿಗೆ ಎಡೆಯಿರುವ 110ರದನ್ನು ಆರಿಸುವುದು, ಇವೆಲ್ಲ ಮನೆ ಕಟ್ಟುವಾಗ ಅಲ್ಪವ್ಯಯದಲ್ಲಿ ಆಗುವಂಥವು. ದಂಬೆಯ ಇಳಿಜಾರಂತೂ ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಯ ಹಂಚು ಹೊದಿಸಿದ ಹಿರಿಯ ಕೆಲಸಗಾರರು, ಮೂರು ಮೀಟರಿಗೆ ಒಂದೂವರೆ ಸೆಂಟಿಮೀಟರಾದರೂ ಇಳುಕಲು ಬರುವಂತೆ ದಾರ ಹಿಡಿದು ನೋಡುತ್ತ, “ನೀರಿಗೆ ನೀವು ದಾರಿ ತೋರಿಸಿ ಭಟ್ರೇ, ನಡೆಯೋದು ಅದಕ್ಕೇ ಗೊತ್ತು” ಎಂದಿದ್ದರು. ಇಳಿಜಾರು ತಪ್ಪಿದ ದಂಬೆಯಲ್ಲಿ ಬೆರಳೆತ್ತರ ನೀರು ನಿಂತರೂ ಡೆಂಗಿಯ ಸೊಳ್ಳೆಗೆ ಅದು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದೂವರೆ ವಾರವೂ ಬೇಡ.

ಬೆಂಗಳೂರಿನಲ್ಲಿರುವ ನನ್ನ ಮಗಳ ಮನೆಗೆ ಹೋದಾಗಲೂ ನಾನು ಮೊದಲು ಏರುವುದು ತಾರಸಿಗೆ. ಅಲ್ಲಿ ಮಳೆ ನಮ್ಮದರ ಸಣ್ಣ ಪಾಲು, ಆದರೆ ಬೇಸಗೆಯ ಕೊನೆಯಲ್ಲಿ ಗುಲ್‌ಮೊಹರಿನ ಎಳ್ಳಿನಂಥ ಎಲೆಗಳೂ ಬೀದಿಮರಗಳ ಹೂಗಳೂ ಜಾಲರಿಯನ್ನು ಕಂಬಳಿಯಂತೆ ಹೊದೆದಿರುತ್ತವೆ. ಮತ್ತು ತಾರಸಿಗೆ ಸುತ್ತ ಕಟ್ಟೆಯಿರುವುದರಿಂದ ನೀರಿಗೆ ತಪ್ಪಿಸಿಕೊಳ್ಳಲು ಬೇರೆ ಹಾದಿಯಿಲ್ಲ. 100 ಚದರ ಮೀಟರಿನ ತಾರಸಿಯಲ್ಲಿ ಹತ್ತು ಸೆಂಟಿಮೀಟರು ನೀರು ನಿಂತರೆ ಹತ್ತು ಟನ್ನಿನ ಭಾರ ತಲೆಯ ಮೇಲಿದೆಯೆಂದು ಮಗಳಿಗೆ ಲೆಕ್ಕ ತೋರಿಸಿದ ಮೇಲೆ, ಅವಳು ಈಗ ಪ್ರತಿ ಭಾನುವಾರ ತಾನೇ ಗುಡಿಸುತ್ತಾಳೆ.

ಕೊಳವೆ ಸ್ವಚ್ಛವಾದ ಮೇಲೆ ಹಗ್ಗದ ನಡುವೆ ಗೋಣಿಯ ಗಂಟು ಕಟ್ಟಿ, ತುದಿಗೆ ಕಲ್ಲೊಂದನ್ನು ಬಿಗಿದು ಮೇಲಿನಿಂದ ಇಳಿಬಿಟ್ಟು, ಕೆಳಗೆ ನಿಂತು ಮೆಲ್ಲನೆ ಎಳೆದುಕೊಂಡರೆ ಒಳಗೋಡೆಗೆ ಅಂಟಿದ ಲೋಳೆಯೂ ಬಂದುಬಿಡುತ್ತದೆ. ಕಡೆಗೆ ನಾಲ್ಕು ಬಕೆಟ್ಟು ನೀರನ್ನು ಒಮ್ಮೆಲೇ ದಂಬೆಗೆ ಸುರಿದು, ಅದು ಎಷ್ಟು ಬೇಗ ಕೆಳಗೆ ಬರುತ್ತದೆಂದು ನೋಡುತ್ತೇನೆ. ಕೊಳವೆಯ ಬುಡದಲ್ಲಿ ಒಂದು ಚಪ್ಪಡಿಕಲ್ಲನ್ನು, ಗೋಡೆಯಿಂದ ಹೊರಕ್ಕೆ ಇಳುಕಲಾಗುವಂತೆ, ಇಟ್ಟಿರಬೇಕು. ಇಲ್ಲವಾದರೆ ರಭಸದಿಂದ ಬಿದ್ದ ನೀರು ಪಂಚಾಂಗದ ಬುಡವನ್ನೇ ತೋಡತೊಡಗುತ್ತದೆ. ಅಲ್ಲಿಂದ ಮುಂದೆ ತೋಟದ ಬಸಿಗಾಲುವೆಯವರೆಗೆ ಒಂದು ಚಿಕ್ಕ ಕಾಲುವೆಯನ್ನು ಹಾರೆಯಿಂದ ಬಿಡಿಸುವ ಕೆಲಸ ಉಳಿದಿರುತ್ತದೆ. ಅದನ್ನು ಮೃಗಶಿರೆ ಹಿಡಿಯುವುದಕ್ಕೆ ಒಂದು ವಾರ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆಮೇಲೆ ಮಣ್ಣು ಹಾರೆಗೆ ಅಂಟುತ್ತದೆ.